ವಚನದ ನಡೆ

ವೇದಾಂಗಗಳು ಆರು; ಅವುಗಳಲ್ಲಿ ಛಂದಸ್ಸೂ ಒಂದು. ಛಂದಸ್ಸನ್ನು ವೇದಪುರುಷನ ಪಾದಗಳೆಂದು ಪ್ರಾಜ್ಞರು ವರ್ಣಿಸಿರುವರು. ಕಾಲಿಲ್ಲದವನು ನಡೆಯಲಾರನು, ಹಾಗೆಯೇ ಛಂದಸ್ಸಿಲ್ಲದ ನುಡಿಯು ಬಹುದೂರ ಸಾಗಲಾರದೆಂಬುದು ಈ ವರ್ಣನೆಯ ಅಭಿಪ್ರಾಯವು. ಕನ್ನಡದಲ್ಲಿ ಈ ಶಾಸ್ತ್ರವನ್ನು ಕ್ರಿ.ಶ. 990ರ ಸುಮಾರಿನಲ್ಲಿ ಒಂದನೆಯ ನಾಗವರ್ಮನು ತನ್ನ 'ಛಂದೋಂಬುಧಿ'ಯಲ್ಲಿ ವಿವರಿಸಿದನು. ಕಂದಪದ್ಯಕ್ಕೆ ನಾಲ್ಕು ಮಾತ್ರೆಯ ಗಣಗಳಿಂದ ಕೂಡಿದ ಅರವತ್ತುನಾಲ್ಕು ಮಾತ್ರೆಗಳು ಬೇಕು. ತ್ರಿಪದಿಗೆ ಹನ್ನೊಂದು ಗಣಗಳು ಬೇಕು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣವಾಗಿರಬೇಕು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವು ಕೂಡಿಬರಬೇಕು. ಹೀಗೆ ಪದ್ಯವೆಂಬುದು ಅಳತೆಗೆ ಒಳಪಟ್ಟ ನುಡಿಯಾಯಿತು.

ಈ ಶಾಸ್ತ್ರವು ನೆಲೆಗೊಂಡು ಒಂದೂವರೆ ಶತಮಾನ ಕಳೆದ ಮೇಲೆ ಕಲ್ಯಾಣದಲ್ಲಿ ಶಿವಶರಣರ ವಚನಗಳು ಹುಟ್ಟಿದವು. ಇವುಗಳಿಗೆ ಮಾತ್ರೆಯ ಎಣಿಕೆಯಿಲ್ಲ, ಗಣದ ಕಟ್ಟಿಲ್ಲ, ಪಾದಗಳ ಸಂಖ್ಯೆಯಿಲ್ಲ. ಪ್ರಾಸವು ಬಂದರೆ ಬಂದಿತು, ಬಾರದಿದ್ದರೆ ಇಲ್ಲ. 'ವಚನ'ವೆಂಬ ಹೆಸರಿಗೂ 'ಆಡಿದ ಮಾತು' ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಆದರೂ ಅವು ಎಂಟುನೂರು ವರ್ಷಗಳಿಗೂ ಮಿಕ್ಕಿ ಜನರ ನಾಲಗೆಯ ಮೇಲೆ ನಡೆದು ಬಂದಿವೆ. ಹಾಗಾದರೆ ವಚನವು ಯಾವ ಪಾದಗಳಿಂದ ನಡೆಯಿತು? ಅದರ ಛಂದಸ್ಸು ಯಾವುದು?

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಭಕ್ತನ ದಿನದಿನದ ಆಚರಣೆಗೂ ಇದಕ್ಕೂ ಹತ್ತಿರದ ಸಂಬಂಧವುಂಟು. ಬೆಂಗಳೂರಿನ ತಿಲಕ್ ನಗರ, ಜಯನಗರಗಳಂತಹ ಬಡಾವಣೆಗಳಲ್ಲಿ ಬೇರೆಬೇರೆ ಜಿಲ್ಲೆಗಳಿಂದ ಬಂದು ನೆಲಸಿದ ಸದ್ಭಕ್ತರು ಶ್ರಾವಣ ಸೋಮವಾರದಲ್ಲಿಯೋ ಬಸವಜಯಂತಿಯಲ್ಲಿಯೋ ಒಂದೆಡೆ ಕೂಡಿದರೆನ್ನಿ. ಸಂಗೀತವನ್ನು ಅಭ್ಯಾಸ ಮಾಡಿದವರು ಮುಂದೆ ಕುಳಿತು ಹಾಡುವರು. ಹಳ್ಳಿಯಲ್ಲಿ ಹುಟ್ಟಿ ಬೆಳೆದ ವೃದ್ಧ ತಾಯಿಯೊಬ್ಬಳು, ಬಾಲ್ಯದಿಂದ ನೂರಾರು ವಚನಗಳನ್ನು ಬಾಯಿಪಾಠವಾಗಿ ಬಲ್ಲವಳು, 'ನನಗೆ ರಾಗ ಬಾರದು, ತಾಳ ಬಾರದು. ತಪ್ಪಿದರೆ ದೋಷ ತಟ್ಟೀತು' ಎಂದು ಗೋಡೆಗೆ ಒರಗಿ ಸುಮ್ಮನೆ ಕೂಡುವಳು. ಅವಳ ಭಯವು ಯುಕ್ತವೇ? ಮುಂದೆ ಕುಳಿತು ಸುಶ್ರಾವ್ಯವಾಗಿ ಹಾಡಿದವನಿಗೆ ಹಾಡಿದಷ್ಟರಿಂದಲೇ ಫಲವು ಸಿದ್ಧಿಸುವುದೇ? ಈ ಎರಡು ಪ್ರಶ್ನೆಗಳಿಗೂ ಶ್ರೀ ಬಸವಣ್ಣನವರ ಒಂದೇ ವಚನದಲ್ಲಿ ಉತ್ತರವಿದೆ.

ಆ ವಚನವು ಬಹು ಚಿಕ್ಕದು, ಸರ್ವರಿಗೂ ಪರಿಚಿತವಾದುದು. ತಾಳದ ಪ್ರಮಾಣವಾಗಲಿ, ವಾದ್ಯವನ್ನು ನುಡಿಸುವ ಕ್ರಮದ ಲೆಕ್ಕವಾಗಲಿ, ಅಮೃತಗಣ ದೇವಗಣವೆಂದು ಹೆಸರಾದ ಗಣಗಳ ವಿಚಾರವಾಗಲಿ ತಮಗೆ ತಿಳಿಯದೆಂದು ಅವರು ಕೂಡಲಸಂಗಮದೇವನಿಗೆ ಬಿನ್ನವಿಸುವರು. ದೇವನಿಗೆ ಯಾವ ಕೇಡೂ ಇಲ್ಲವಾದುದರಿಂದ, ಒಲವು ನಡೆಸಿದ ಹಾಗೆ ತಾವು ಹಾಡುವುದಾಗಿ ಹೇಳಿ ಮುಗಿಸುವರು. ಇಷ್ಟೇ ವಚನವು. ಛಂದಸ್ಸನ್ನೇ ವಿಷಯವಾಗಿ ತೆಗೆದುಕೊಂಡು, ಛಂದಸ್ಸಿನ ಹೊರಗೆ ನಿಂತು ಆಡಿದ ಮಾತಾದುದರಿಂದ ಇದನ್ನು ವಚನಸಾಹಿತ್ಯದ ಲಕ್ಷಣಗ್ರಂಥವೆಂದರೂ ಸಲ್ಲುವುದು.

ಮೊದಲು ವಿಚಾರಿಸಬೇಕಾದುದು ಬಸವಣ್ಣನವರು ನಿಜವಾಗಿಯೂ ಅರಿಯದವರೇ ಎಂಬುದನ್ನು. ಕೂಡಲಸಂಗಮದಲ್ಲಿ ವಿದ್ಯಾಭ್ಯಾಸ ಮಾಡಿದವರು, ಕಲಚುರಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು, ಕವಿಗಳೂ ಗಾಯಕರೂ ಬಂದುಹೋಗುವ ರಾಜಧಾನಿಯಲ್ಲಿ ಇದ್ದವರು ತಾಳವನ್ನೂ ಗಣವನ್ನೂ ಅರಿಯದಿರುವುದು ಹೇಗೆ? ಶಾಸ್ತ್ರವನ್ನು ತಿಳಿಯದವನಿಗೆ ಶಾಸ್ತ್ರದ ಪರಿಭಾಷೆಯೇ ತಿಳಿದಿರುವುದಿಲ್ಲ. ಅಮೃತಗಣವೆಂಬ ಹೆಸರನ್ನು ಹೇಳಿ ಅದನ್ನು ಅರಿಯೆನೆಂದವನು ಅದನ್ನು ಅರಿತೇ ಬದಿಗಿಟ್ಟವನು. ಆದುದರಿಂದ ಇಲ್ಲಿಯ ಅರಿಯದಿರುವಿಕೆಯು ಅಜ್ಞಾನವಲ್ಲ. ಅರಿವಿನ ಅಹಂಕಾರವನ್ನು ದೇವನ ಮುಂದೆ ಇಳಿಸಿದ ಕಿಂಕರಭಾವವು. ಮಹಾಮನೆಗೆ ಬಂದವರು ಹೊರೆಯನ್ನು ಹೊರಬಾಗಿಲಲ್ಲಿಯೇ ಇಳಿಸಿ ಒಳಗೆ ಬರುವಂತೆ, ಬಸವಣ್ಣನವರು ತಮ್ಮ ವಿದ್ಯೆಯ ಹೊರೆಯನ್ನು ಇಳಿಸಿ ಸನ್ನಿಧಿಗೆ ಬಂದರು.

ಎರಡನೆಯದಾಗಿ, ದೇವನಿಗೆ ಕೇಡಿಲ್ಲವೆಂಬ ಕಾರಣವನ್ನು ಬರಿಯ ವಿನಯೋಕ್ತಿಯೆಂದು ತಿಳಿದು ಮುಂದೆ ಸಾಗಬಾರದು. ಅದರ ಸ್ವಾರಸ್ಯವು ತಿಳಿಯಬೇಕಾದರೆ ಗಣಗಳ ಫಲವಿಚಾರವನ್ನು ಸ್ವಲ್ಪ ನೋಡಬೇಕು. ಗುರುಲಘುಗಳ ಜೋಡಣೆಯಿಂದ ಮೂರು ಮೂರು ಅಕ್ಷರಗಳ ಎಂಟು ಗಣಗಳಾಗುವುವು. ಒಂದೊಂದು ಗಣಕ್ಕೂ ಒಬ್ಬೊಬ್ಬ ಅಧಿದೇವತೆ, ಒಂದೊಂದು ಫಲ. ಮೂರೂ ಗುರುಗಳಾದ ಮಗಣಕ್ಕೆ ಭೂಮಿಯು ದೇವತೆ, ಸಂಪತ್ತು ಫಲ. ಭಗಣಕ್ಕೆ ಚಂದ್ರನು ದೇವತೆ, ಕೀರ್ತಿಯು ಫಲ. ರಗಣಕ್ಕೆ ಅಗ್ನಿಯು ದೇವತೆ, ಮೃತ್ಯುವು ಫಲ. ಜಗಣಕ್ಕೆ ಸೂರ್ಯನು ದೇವತೆ, ರೋಗವು ಫಲ. ಕಾವ್ಯದ ಮೊದಲಿಗೆ ಅಶುಭಗಣವು ಬಿದ್ದರೆ ಆ ಕಾವ್ಯವನ್ನು ಯಾರ ಮೇಲೆ ಹೇಳಿತೋ ಆ ನಾಯಕನಿಗೂ, ಹೇಳಿದ ಕವಿಗೂ ಕೆಡುಕಾಗುವುದೆಂಬುದು ಹಿಂದಿನವರ ನಂಬಿಕೆಯು. ಅರಸನ ಮೇಲೆ ಕಾವ್ಯ ಕಟ್ಟಿದ ಕವಿಯು ಮೊದಲ ಮೂರು ಅಕ್ಷರಗಳನ್ನಿಡುವಾಗ ಹತ್ತು ಸಲ ಎಣಿಸುತ್ತಿದ್ದನು. ಅರಸನು ಮರ್ತ್ಯನು, ಅವನಿಗೆ ರೋಗವುಂಟು, ಮರಣವುಂಟು, ರಾಜ್ಯನಾಶವುಂಟು. ಆದುದರಿಂದ ಅವನನ್ನು ಹಾಡುವ ನಾಲಗೆಗೆ ಭಯವೂ ಉಂಟು.

ಶರಣನು ಯಾರನ್ನು ಹಾಡುವನು? ಹುಟ್ಟಿಲ್ಲದವನನ್ನು, ಅಳಿವಿಲ್ಲದವನನ್ನು. ರಗಣದ ಅಗ್ನಿಯು ಹಣೆಗಣ್ಣಿನಲ್ಲಿಯೇ ಅಗ್ನಿಯನ್ನು ಧರಿಸಿದವನನ್ನು ಸುಡಬಲ್ಲುದೇ? ಮೃತ್ಯುವು ಮೃತ್ಯುಂಜಯನನ್ನು ಮುಟ್ಟಬಲ್ಲುದೇ? ಹಾಡಿಗೆ ನಾಯಕನಾದವನಿಗೆ ಕೇಡೆಂಬುದೇ ಇಲ್ಲದಿರುವಾಗ, ಕೇಡನ್ನು ತಡೆಯುವುದಕ್ಕಾಗಿ ಹುಟ್ಟಿದ ನಿಯಮಕ್ಕೆ ಅಲ್ಲಿ ಕೆಲಸವೇನು? ಇದು ಶಾಸ್ತ್ರವನ್ನು ಹಳಿಯುವ ಮಾತಲ್ಲ. ಶಾಸ್ತ್ರದ ಎಲ್ಲೆಯನ್ನು ಶಾಸ್ತ್ರದ ನುಡಿಯಲ್ಲಿಯೇ ತೋರಿಸುವ ಮಾತು. ವಚನಕ್ಕೆ ಬಂದ ಬಿಡುಗಡೆಯು ಹಾಡುವವನ ಸ್ವೇಚ್ಛೆಯಿಂದ ಬಂದುದಲ್ಲ, ಕೇಳುವವನ ಮಹಿಮೆಯಿಂದ ಬಂದುದು. ಗೋಡೆಗೊರಗಿ ಕುಳಿತ ಆ ತಾಯಿಯ ಭಯಕ್ಕೆ ಇದೇ ಉತ್ತರವು. ತಪ್ಪಿದರೆ ದೋಷ ತಟ್ಟುವುದು ಯಾರಿಗೆ? ಹಾಡಿಸಿಕೊಳ್ಳುವವನಿಗೆ ತಟ್ಟದು, ಅವನನ್ನು ನಂಬಿದವಳಿಗೂ ತಟ್ಟದು.

ಇನ್ನು ಈ ವಚನದ ಕಟ್ಟಡವನ್ನು ನೋಡಬಹುದು. ಛಂದಸ್ಸನ್ನು ಅರಿಯೆನೆಂದ ಮಾತಿನಲ್ಲಿಯೇ ಒಂದು ಬಿಗಿಯಾದ ಕಟ್ಟು ಇರುವುದು ಆಶ್ಚರ್ಯಕರವು. ಮೊದಲು ಮೂರು ವಾಕ್ಯಗಳು. ಮೂರೂ ಒಂದೇ ನಿಷೇಧಕ್ರಿಯಾಪದದಿಂದ ಮುಗಿಯುವುವು. ಪದ್ಯದಲ್ಲಿ ಆದಿಪ್ರಾಸವು ಮಾಡುವ ಕೆಲಸವನ್ನು ಇಲ್ಲಿ ಈ ಅಂತ್ಯದ ಪುನರಾವೃತ್ತಿಯು ಮಾಡುವುದು. ಮೂರು ಸಲ ಬಾಗಿ ನಮಸ್ಕರಿಸಿದಂತೆ ಆ ಪದವು ಮೂರು ಸಲ ಇಳಿಯುವುದು. ಆಮೇಲೆ ಅಂಕಿತವು ಬರುವುದು. ಅಲ್ಲಿ ಉಸಿರು ನಿಲ್ಲುವುದು. ವೃತ್ತದಲ್ಲಿ ಯತಿಯು ಅಕ್ಷರದ ಎಣಿಕೆಯಿಂದ ಬರುವುದು. ವಚನದಲ್ಲಿ ದೇವನ ಹೆಸರೇ ಯತಿಯಾಗುವುದು. ಅನಂತರ ಕಾರಣ, ಕೊನೆಗೆ ಕಾರ್ಯ. ಮೂರು ನಿಷೇಧಗಳ ಮೇಲೆ ಒಂದೇ ಒಂದು ವಿಧಿವಾಕ್ಯವು ಕುಳಿತಿರುವುದು: ಹಾಡುವೆನೆಂಬುದು. ಒಲೆಯ ಮೂರು ಗುಂಡುಗಳ ಮೇಲೆ ಗಡಿಗೆಯೊಂದನ್ನಿಟ್ಟಂತೆ ಈ ರಚನೆಯು ಅಲುಗಾಡದೆ ನಿಲ್ಲುವುದು.

ಭಾವದ ಗತಿಯೂ ಇದನ್ನೇ ಅನುಸರಿಸುವುದು. ಮೊದಲಿನ ಮೂರು ಮಾತುಗಳಲ್ಲಿ ದೈನ್ಯವಿದೆ. ಭಕ್ತನು ಹೆಜ್ಜೆಹೆಜ್ಜೆಗೂ ತನ್ನನ್ನು ಕಿರಿದಾಗಿಸಿಕೊಳ್ಳುವನು. ಸಂಬೋಧನೆಯಲ್ಲಿ ಆಪ್ತತೆಯಿದೆ, ದೇವನನ್ನು ಏಕವಚನದಲ್ಲಿ ಕರೆಯುವ ಸಲುಗೆಯು ಅಲ್ಲಿ ಕಾಣುವುದು. ಕಾರಣವಾಕ್ಯದಲ್ಲಿ ಅಭಯವಿದೆ. ಕೊನೆಯ ಮಾತಿನಲ್ಲಿ ಆನಂದವಿದೆ. ದೈನ್ಯದಿಂದ ತೊಡಗಿ ಆನಂದದಲ್ಲಿ ಮುಗಿಯುವ ಈ ಪಯಣವು ಕೆಲವೇ ಪದಗಳಲ್ಲಿ ನಡೆದುಹೋಗುವುದು. ವಚನಕಾರರೆಲ್ಲರ ಗತಿಯೂ ಹೀಗೆಯೇ ಎಂದಲ್ಲ. ಅಲ್ಲಮಪ್ರಭುದೇವರ ವಚನವು ಬೆಡಗಿನ ಗಂಟನ್ನು ಕಟ್ಟಿ, ಗುಹೇಶ್ವರನನ್ನು ಸಾಕ್ಷಿಯಾಗಿ ನಿಲ್ಲಿಸಿ, ಕೇಳಿದವನನ್ನು ಬೆರಗಿನಲ್ಲಿ ಬಿಟ್ಟುಬಿಡುವುದು. ಅಕ್ಕಮಹಾದೇವಿಯ ವಚನದಲ್ಲಿ ಚೆನ್ನಮಲ್ಲಿಕಾರ್ಜುನನೆಂಬ ಕರೆಯು ಪತಿಯನ್ನು ಅರಸುವ ಸತಿಯ ಕರೆಯು. ಬಸವಣ್ಣನವರಲ್ಲಿ ಅದು ಒಡೆಯನ ಮುಂದೆ ನಿಂತ ಆಳಿನ ಬಿನ್ನಹವು. ಅಂಕಿತವು ಸ್ಥಾನದಿಂದ ಒಂದೇ ಆದರೂ ಭಾವದಿಂದ ಬೇರೆಬೇರೆ. ಓದುವವನು ಈ ಭೇದವನ್ನು ತಿಳಿದು ಓದಬೇಕು.

ಇಲ್ಲಿ ಒಂದು ಸಂದೇಹವು ಸಹಜವು. ಒಲಿದಂತೆ ಹಾಡಬಹುದಾದರೆ ಯಾರು ಹೇಗೆ ಬೇಕಾದರೂ ಹಾಡಬಹುದಲ್ಲವೇ? ಅಲ್ಲ. ಒಲಿದಂತೆ ಎಂಬುದು ಬೇರೆ, ಮನಬಂದಂತೆ ಎಂಬುದು ಬೇರೆ. ಮನವು ಬಂದಂತೆ ಹೋಗುವುದು ಕಡಿವಾಣವಿಲ್ಲದ ಕುದುರೆಯ ಓಟವು. ಒಲವಾದರೋ ಸ್ವಯಂ ಒಂದು ಕಡಿವಾಣವು. ತಾಯಿಯು ಕೂಸಿಗೆ ಜೋಗುಳ ಹಾಡುವಾಗ ಯಾವ ಶಾಸ್ತ್ರವನ್ನೂ ನೋಡುವುದಿಲ್ಲ. ಆದರೂ ಅವಳ ಹಾಡು ತೊಟ್ಟಿಲ ತೂಗಿಗೆ ತಪ್ಪುವುದಿಲ್ಲ, ಕೂಸು ಕಣ್ಣು ಮುಚ್ಚಿದೊಡನೆ ದನಿಯು ತಾನಾಗಿ ಇಳಿಯುವುದು. ಅವಳ ಕಣ್ಣು ತನ್ನ ಕಂಠದ ಮೇಲಿಲ್ಲ, ಕೂಸಿನ ಮುಖದ ಮೇಲಿದೆ. ಒಲವಿನ ಛಂದಸ್ಸೆಂದರೆ ಇದೇ. ದೃಷ್ಟಿಯು ಲಿಂಗದಲ್ಲಿ ನೆಟ್ಟಿದ್ದರೆ ನುಡಿಯು ತನ್ನ ಅಳತೆಯನ್ನು ತಾನೇ ಕಂಡುಕೊಳ್ಳುವುದು. ದೃಷ್ಟಿಯು ಕೇಳುವವರ ಮೆಚ್ಚುಗೆಯ ಕಡೆಗೆ ಹೊರಳಿದೊಡನೆ, ಮಾತ್ರೆಯು ಸರಿಯಾಗಿದ್ದರೂ ಲಯವು ತಪ್ಪಿಹೋಗುವುದು.

ಹಾಗೆಂದು ಶಿವಶರಣರು ಛಂದಸ್ಸನ್ನು ತಿರಸ್ಕರಿಸಿದರೆಂದು ತಿಳಿಯಬಾರದು. ಅಕ್ಕಮಹಾದೇವಿಯ 'ಯೋಗಾಂಗತ್ರಿವಿಧಿ'ಯು ತ್ರಿಪದಿಯಲ್ಲಿದೆ. ಹರಿಹರ ಮಹಾಕವಿಯು ಬಸವಣ್ಣನವರ ಚರಿತ್ರೆಯನ್ನು ರಗಳೆಯಲ್ಲಿ ಹಾಡಿದನು. ಅವನ ಸೋದರಳಿಯನಾದ ರಾಘವಾಂಕನು ಷಟ್ಪದಿಗೆ ಪ್ರತಿಷ್ಠೆಯನ್ನು ತಂದುಕೊಟ್ಟನು. 15ನೆಯ ಶತಮಾನದಲ್ಲಿ ಚಾಮರಸನು 'ಪ್ರಭುಲಿಂಗಲೀಲೆ'ಯನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನು. ಪಲ್ಲವಿಯೊಡನೆ ರಾಗದಲ್ಲಿ ಹಾಡುವ ಸ್ವರವಚನಗಳನ್ನೂ ಶರಣರು ಕಟ್ಟಿರುವರು. ಅಳತೆಯ ಹಾಡು ಬೇಕಾದೆಡೆಯಲ್ಲಿ ಅಳತೆಯನ್ನಿಟ್ಟುಕೊಂಡರು. ದೇವನೊಡನೆ ಮುಖಾಮುಖಿಯಾಗಿ ಮಾತನಾಡುವೆಡೆಯಲ್ಲಿ ಅದನ್ನು ಬಿಟ್ಟರು. ಶಿವನ ಮುಂದೆ ಎಲ್ಲ ಭಾಷೆಯೂ ಸಲ್ಲುವುದೆಂದು ತಿಳಿದವರಾದುದರಿಂದ ಅವರಿಗೆ ಎರಡರಲ್ಲಿಯೂ ಸಂಕೋಚವಿರಲಿಲ್ಲ.

ಈ ಬಿಡುಗಡೆಯಿಂದ ಆದ ಮಹೋಪಕಾರವೊಂದುಂಟು. ಛಂದಸ್ಸನ್ನು ಕಲಿಯಲು ಗುರುವು ಬೇಕು, ಗ್ರಂಥವು ಬೇಕು, ಬಿಡುವು ಬೇಕು. ಅಂದಿನ ಕಾಲದಲ್ಲಿ ಇವೆಲ್ಲ ಕೆಲವರಿಗೆ ಮಾತ್ರ ದೊರೆಯುತ್ತಿದ್ದುವು. ಕಾವ್ಯದ ಬಾಗಿಲಲ್ಲಿ ಗಣಗಳು ಕಾವಲು ನಿಂತಿರುವವರೆಗೆ ದೋಣಿ ನಡೆಸುವ ಚೌಡಯ್ಯನವರು ಒಳಗೆ ಬರುವುದು ಹೇಗೆ? ಡೋಹರ ಕಕ್ಕಯ್ಯನವರು ಬರುವುದು ಹೇಗೆ? ಮನೆಗೆಲಸದ ಹೆಣ್ಣುಮಕ್ಕಳು ಬರುವುದು ಹೇಗೆ? ಆ ಕಾವಲನ್ನು ತೆಗೆದೊಡನೆ ಕಾಯಕಜೀವಿಗಳೆಲ್ಲರ ಅನುಭಾವವೂ ನುಡಿಯಾಗಿ ಹರಿಯಿತು. ಗುರುಲಘುಗಳ ಭೇದವನ್ನು ಹಾಡಿನಿಂದ ತೆಗೆದವರು ಮನುಷ್ಯರ ನಡುವಿನ ಗುರುಲಘುಭೇದವನ್ನೂ ತೆಗೆದರು. ರೂಪಕ್ಕೂ ತತ್ತ್ವಕ್ಕೂ ಇರುವ ಈ ಸಂಬಂಧವನ್ನು ಮರೆತು ವಚನದ ರೂಪವನ್ನು ಮಾತ್ರ ಕೊಂಡಾಡಿದರೆ ಪ್ರಯೋಜನವಿಲ್ಲ.

ವಚನವನ್ನು ಓದುವ ಬಗೆಯನ್ನು ಕುರಿತು ಎರಡು ಮಾತು ಅವಶ್ಯಕವು. ತಾಳೆಯೋಲೆಯ ಪ್ರತಿಗಳಲ್ಲಿ ವಚನಗಳನ್ನು ಸಾಲು ಮುರಿಯದೆ ಒಂದೇ ಸಮನೆ ಬರೆದಿರುವರು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಪ್ರಕಟಿಸಿದ ಮೇಲೆ ವಚನಗಳು ಮುದ್ರಣದಲ್ಲಿ ಮನೆಮನೆಗೆ ತಲಪಿದುವು. ಇಂದಿನ ಪುಸ್ತಕಗಳಲ್ಲಿ ಕಾಣುವ ಸಾಲುಗಳು ಸಂಪಾದಕರು ಅರ್ಥವನ್ನು ನೋಡಿ ಮಾಡಿದ ವಿಭಾಗಗಳು. ಆದುದರಿಂದ ಕಣ್ಣಿಗೆ ಕಾಣುವ ಸಾಲನ್ನು ನಂಬಿ ಓದುವುದಕ್ಕಿಂತ ಕಿವಿಗೆ ಕೇಳುವ ಉಸಿರನ್ನು ನಂಬಿ ಓದುವುದು ಲೇಸು. ಒಂದು ಭಾವವು ಮುಗಿಯುವಲ್ಲಿ ನಿಲ್ಲಬೇಕು; ಮರಳಿ ಮರಳಿ ಬರುವ ಪದಕ್ಕೆ ಪ್ರತಿಸಲವೂ ಪೂರ್ಣ ತೂಕವನ್ನು ಕೊಡಬೇಕು; ಅಂಕಿತದ ಕಡೆಗೆ ಅವಸರಪಡದೆ, ಅದು ಬಂದಾಗ ಅದರಲ್ಲಿ ನೆಲಸಬೇಕು. ಮಲ್ಲಿಕಾರ್ಜುನ ಮನ್ಸೂರ, ಸಿದ್ಧರಾಮ ಜಂಬಲದಿನ್ನಿಯವರಂತಹ ಗಾಯಕರು ವಚನಗಳನ್ನು ಹಿಂದುಸ್ತಾನೀ ರಾಗಗಳಲ್ಲಿ ಹಾಡಿ ನಾಡಿಗೆ ಆನಂದವನ್ನಿತ್ತರು. ಒಂದೇ ವಚನವು ಒಬ್ಬರಲ್ಲಿ ಒಂದು ರಾಗವನ್ನೂ ಮತ್ತೊಬ್ಬರಲ್ಲಿ ಮತ್ತೊಂದು ರಾಗವನ್ನೂ ಒಪ್ಪಿಕೊಳ್ಳುವುದು. ಯಾವ ರಾಗಕ್ಕೂ ಅದು ಸೆರೆಯಾಗುವುದಿಲ್ಲ. ರಾಗವು ವಚನಕ್ಕೆ ತೊಡಿಸಿದ ಅಲಂಕಾರವು. ಉಸಿರು ಅದರ ಪ್ರಾಣವು.

ಬಸವಣ್ಣನವರ ಮತ್ತೊಂದು ವಚನವನ್ನು ಇದರ ಪಕ್ಕದಲ್ಲಿಟ್ಟರೆ ಅರ್ಥವು ಇನ್ನೂ ಬೆಳಗುವುದು. ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿಕೊಳ್ಳಬೇಕೆಂದು ಅವರು ಅಲ್ಲಿ ದೇವನನ್ನು ಬೇಡುವರು. ಕಾಯವು ದಂಡಿಗೆ, ತಲೆಯು ಸೋರೆಬುರುಡೆ, ನರಗಳು ತಂತಿ, ಬೆರಳು ಕಡ್ಡಿ. ಇವನ್ನೆಲ್ಲ ಎದೆಗೊತ್ತಿಕೊಂಡು ಮೂವತ್ತೆರಡು ರಾಗಗಳನ್ನೂ ದೇವನೇ ನುಡಿಸಬೇಕು. ಒಂದು ವಚನದಲ್ಲಿ ತಾಳವನ್ನರಿಯದ ಗಾಯಕನು. ಇನ್ನೊಂದರಲ್ಲಿ ಸಕಲ ರಾಗಗಳಿಗೂ ಒದಗುವ ವಾದ್ಯ. ಇವೆರಡೂ ವಿರುದ್ಧವಲ್ಲ. ತಾಳವನ್ನು ಅರಿತಿರಬೇಕಾದವನು ವೈಣಿಕನು, ವೀಣೆಯಲ್ಲ. ವೀಣೆಯ ಧರ್ಮವು ಒಂದೇ: ಶ್ರುತಿಗೆ ಕೂಡಿರುವುದು. ತಂತಿಯು ಸಡಿಲವಾದರೆ ಎಂತಹ ವೈಣಿಕನಾದರೂ ಏನು ಮಾಡಿಯಾನು?

ಆ ತಂತಿಯನ್ನು ಬಿಗಿಯುವ ಬಗೆ ಯಾವುದು? ಶಿವನು ನಾದಪ್ರಿಯನೂ ಅಲ್ಲ, ವೇದಪ್ರಿಯನೂ ಅಲ್ಲ, ಭಕ್ತಿಪ್ರಿಯನೆಂದು ಬಸವಣ್ಣನವರು ಬೇರೊಂದೆಡೆ ನಿರ್ಣಯಿಸಿರುವರು. ನಾದವನ್ನು ನುಡಿಸಿದ ರಾವಣನ ಆಯುಷ್ಯವು ಅರ್ಧವಾದುದನ್ನೂ, ವೇದವನ್ನೋದಿದ ಬ್ರಹ್ಮನ ಶಿರಸ್ಸು ಹೋದುದನ್ನೂ ಅಲ್ಲಿ ದೃಷ್ಟಾಂತವಾಗಿ ಕೊಟ್ಟಿರುವರು. ರಾವಣನಿಗೆ ತಾಳವು ತಪ್ಪಿತೆಂದು ಯಾರೂ ಹೇಳುವಂತಿಲ್ಲ, ತಪ್ಪಿದುದು ನಡೆಯು. ಬಾಯಿಂದ ಹೊರಟ ಮಾತು ಹೇಗಿರಬೇಕೆಂಬುದನ್ನು ಹೇಳುವ ಸುಪ್ರಸಿದ್ಧ ವಚನದಲ್ಲಿಯೂ ಅವರು ಮುತ್ತು, ಮಾಣಿಕ್ಯ, ಸ್ಫಟಿಕಗಳ ಹೋಲಿಕೆಯನ್ನು ಕೊಟ್ಟು, ಲಿಂಗವೇ ಮೆಚ್ಚಿ ತಲೆದೂಗಬೇಕೆಂದು ಏರಿ, ಕೊನೆಗೆ ನುಡಿಯೊಳಗಾಗಿ ನಡೆಯದವನಿಗೆ ದೇವನು ಒಲಿಯುವುದು ಹೇಗೆಂಬ ಪ್ರಶ್ನೆಯಲ್ಲಿ ನಿಲ್ಲುವರು. ಮಾತಿನ ಸೊಬಗನ್ನೆಲ್ಲ ಹೇಳಿಯಾದ ಮೇಲೆ ಅದನ್ನು ತೂಗುವ ತಕ್ಕಡಿಯನ್ನು ಹೊರತೆಗೆದರು.

ಕನ್ನಡದಲ್ಲಿ 'ನಡೆ' ಎಂಬ ಪದಕ್ಕೆ ಎರಡು ಅರ್ಥಗಳುಂಟು. ಸಂಗೀತಗಾರನು ಚತುರಶ್ರನಡೆ, ತಿಶ್ರನಡೆ ಎನ್ನುವಾಗ ಅದು ಲಯದ ಗತಿಯು. ಶರಣನು ನುಡಿ ಮತ್ತು ನಡೆ ಎನ್ನುವಾಗ ಅದು ಬದುಕಿನ ಆಚರಣೆಯು. ವಚನದ ಛಂದಸ್ಸಿನ ರಹಸ್ಯವೆಲ್ಲ ಈ ಒಂದು ಪದದಲ್ಲಿ ಅಡಗಿದೆ. ಪದ್ಯದ ನಡೆಯು ಪದ್ಯದೊಳಗೇ ಇರುವುದು. ಬೆರಳಿನಿಂದ ಎಣಿಸಿ ಪರೀಕ್ಷಿಸಬಹುದು. ವಚನದ ನಡೆಯು ಅದನ್ನು ನುಡಿದವನ ಬದುಕಿನಲ್ಲಿರುವುದು. ವೇದಕ್ಕೆ ಛಂದಸ್ಸು ಪಾದವಾದರೆ, ವಚನಕ್ಕೆ ಶರಣನ ನಡೆಯೇ ಪಾದವು.

ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರು ಉಜ್ಜ್ವಲ ನಿದರ್ಶನವು. ಅವರ ಪತಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಮಾಡುತ್ತಿದ್ದರು. ಅದರಿಂದಲೇ ಜಂಗಮದಾಸೋಹವು ನಡೆಯುತ್ತಿದ್ದಿತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ನೋಡಿದೊಡನೆ ಅಳತೆ ಮೀರಿದುದನ್ನು ಕಂಡುಕೊಂಡರು. ಅಗತ್ಯಕ್ಕೆ ಮೀರಿದುದು ಆಸೆಯೆಂದೂ, ಶಿವಭಕ್ತರಿಗೆ ಅದು ಸಲ್ಲದೆಂದೂ ಹೇಳಿ, ಹೆಚ್ಚಾದ ಅಕ್ಕಿಯನ್ನು ಮೊದಲಿದ್ದೆಡೆಯಲ್ಲಿಯೇ ಚೆಲ್ಲಿ ಬರುವಂತೆ ಪತಿಗೆ ತಿಳಿಹೇಳಿದರು. ಅವರು ನಾಗವರ್ಮನ ಗ್ರಂಥವನ್ನು ಓದಿದವರಲ್ಲ. ಆದರೆ ಹಿಡಿಯಷ್ಟು ಅಕ್ಕಿಯು ಹೆಚ್ಚಾದುದು ಅವರ ಬಾಳಿನ ಲಯಕ್ಕೆ ಅಪಶ್ರುತಿಯಾಗಿ ಕೇಳಿಸಿತು. ಹಾಡಿನ ಮಾತ್ರೆಯನ್ನು ಎಣಿಸದ ಶರಣರು ಅನ್ನದ ಮಾತ್ರೆಯನ್ನು ಎಣಿಸಿದರು. ಲಕ್ಕಮ್ಮನವರ ವಚನಗಳಿಗೆ ಅಷ್ಟು ಬಿಗಿಯು ಬಂದುದು ಈ ಎಣಿಕೆಯಿಂದ.

ಆದುದರಿಂದ ಗೃಹಸ್ಥಭಕ್ತನು ತಿಳಿಯಬೇಕಾದುದು ಇಷ್ಟು. ರಾಗತಾಳಗಳು ಬಾರವೆಂದು ವಚನವನ್ನು ಬಿಡಬೇಕಾಗಿಲ್ಲ. ಲಿಂಗಪೂಜೆಯ ವೇಳೆಯಲ್ಲಿ, ಅಡಿಗೆಯ ಮನೆಯಲ್ಲಿ, ಅಂಗಡಿಯ ಬಾಗಿಲು ತೆರೆಯುವ ಮುನ್ನ, ಬಂದ ದನಿಯಲ್ಲಿಯೇ ಒಂದು ವಚನವನ್ನು ಬಿಡಿಸಿ ಬಿಡಿಸಿ ನುಡಿಯಬಹುದು. ಕೇಡಿಲ್ಲದವನು ಅದನ್ನು ಕೇಳುವನು. ಸಭೆಯಲ್ಲಿ ಹಿರಿಯರು ನುಡಿದರೆ ಕಿರಿಯರು ಅವರ ದನಿಯನ್ನು ನಗದೆ ಕೇಳಿ ಕಲಿಯಬೇಕು. ಕಂಠವುಳ್ಳವರು ಹಾಡಲಿ, ಅದೂ ದಾಸೋಹವೇ. ಆದರೆ ಹಾಡಿನ ಅಳತೆಯಿಂದ ದೊರೆತ ವಿನಾಯಿತಿಯನ್ನು ಬಾಳಿನ ಅಳತೆಗೆ ವಿಸ್ತರಿಸಬಾರದು. ತಾಳದಲ್ಲಿ ಒಂದು ಮಾತ್ರೆ ತಪ್ಪಿದರೆ ಕ್ಷಮೆಯುಂಟು. ತಕ್ಕಡಿಯಲ್ಲಿ ಒಂದು ಗುಲಗಂಜಿ ತಪ್ಪಿದರೆ ಕ್ಷಮೆಯಿಲ್ಲ. ಪ್ರಾಸವು ಕೂಡಿಬರದಿದ್ದರೆ ಕೊರತೆಯಿಲ್ಲ. ಆಡಿದ ಮಾತಿಗೆ ಮಾಡಿದ ಕೆಲಸವು ಕೂಡಿಬರದಿದ್ದರೆ ಕೊರತೆಯುಂಟು. ನೆರೆಯವನನ್ನು ಲಘುವೆಂದೂ ತನ್ನನ್ನು ಗುರುವೆಂದೂ ಎಣಿಸುವವನು ಎಷ್ಟು ವಚನಗಳನ್ನು ಬಾಯಿಪಾಠ ಮಾಡಿದರೂ ಅವನ ಪಾಠವು ಗಣಭಂಗವಾದುದೇ.

ಒಲವು ನುಡಿಸಿದಂತೆ ನುಡಿದು, ನುಡಿದಂತೆ ನಡೆಯುವವನ ಬಾಯಲ್ಲಿ ವಚನವು ಛಂದೋಬದ್ಧವಾಗಿಯೇ ಇರುವುದು. ಅಂತಹ ನಡೆಯು ಸರ್ವಶರಣರಿಗೂ ದೊರೆಯಲಿ. ಶರಣು ಶರಣಾರ್ಥಿ.